ಇನ್ನೊಬ್ಬ ಹಕ್ಕುದಾರಳು

ಜುಲೈ 19, ಶನಿವಾರ. ಚಿಕ್ಕೋಡಿ

..."ಪರಕೀಯಳಂತೆ" ಅಂದಳೋ, "ಪಕ್ಕದ ಮನೆಯವಳಂತೆ" ಅಂದಳೋ. ಎರಡರಲ್ಲಿ ಒಂದು. ಪೂರ್ತಿ ಕೇಳಿಸಿಕೊಂಡಿದ್ದರೆ ಮರೆತುಬಿಡಬಹುದಿತ್ತು. ಅರ್ಧ ಕೇಳಿದ್ದರಿಂದ ಮನೆಯತನಕ ಜೊತೆಗೇ ಬಂದಿದೆ. ಮನುಷ್ಯರು ತಮ್ಮ ಮುಪ್ಪನ್ನು ನೆನೆಯುವಾಗ ತಮ್ಮನ್ನು ನೆನೆಯುವುದಿಲ್ಲವಂತೆ. ಬೇರೆ ಯಾರೋ ಒಬ್ಬರು ಕಣ್ಣ ಮುಂದೆ ಬರುತ್ತಾರಂತೆ. ಆ ಬೇರೆಯವರ ಪಾಲಿನದನ್ನು ಇವತ್ತು ತಿಂದರೂ, ಇನ್ಯಾರಿಗೋ ಕೊಟ್ಟರೂ ನಮಗೆ ನೋವಾಗುವುದಿಲ್ಲವಂತೆ.

ಹೇಳಿದವಳು ಮಯೂರಿ, ಈ ವರ್ಷ ಕಾಲೇಜಿಗೆ ಬಂದ ಮನಃಶಾಸ್ತ್ರ ಕಲಿಸುವ ಹುಡುಗಿ. ತರಗತಿಗಳು ಮುಗಿದ ಮೇಲೆ ನಮ್ಮನ್ನೆಲ್ಲ ವಿದ್ಯಾರ್ಥಿಗಳ ಬೆಂಚಿನ ಮೇಲೆ ಕೂಡಿಸಿದ್ದಳು.

"ಕಣ್ಣ ಮುಚ್ಚ್‌ರಿ ಎಲ್ಲಾರೂ. ನಿಮಗೀಗ ಎಪ್ಪತ್ತೈದು ವರ್ಷ. ಮುಂಜಾನೆ ಎದ್ದೀರಿ. ಮೊದಲ ಏನ್ ಕಾಣ್ತೈತಿ, ಹೇಳ್ರಿ."

ಆಟದ ಮಾಸ್ತರು ಮುರಗೆಪ್ಪ ಮೊಮ್ಮಗ ಅಂದರು. ಹಿಂದಿನಿಂದ ಯಾರೋ, "ಹೆಂಡತಿರಿ. ಆವಾಗರೆ ಬಿಡ್ತಾಳೇನ್ ಅಕಿ?" ಅಂದರು. ನಗು ನಿಂತ ಮೇಲೆ ಅವಳು ನನ್ನ ಬೆಂಚಿನ ಹತ್ತಿರ ಬಂದಳು.

"ಅನುಸೂಯಾ ಮೇಡಂ, ನಿಮಗ?"

"ಗ್ವಾಡಿ."

ಮತ್ತೆ ಎಲ್ಲರೂ ನಕ್ಕರು. ನಾನೂ ನಕ್ಕೆ. ತಮಾಷೆಗೆ ಹೇಳಿದ್ದಲ್ಲ. ಗೋಡೆಯೇ ಕಂಡದ್ದು, ಅದರಲ್ಲೂ ಯಾವ ಮನೆಯ ಗೋಡೆ ಎಂಬುದು ತಿಳಿಯಲಿಲ್ಲ.

ಇತಿಹಾಸ ಕಲಿಸುವವಳಿಗೆ ಸತ್ತವರ ಜೊತೆ ಸಲಿಗೆ. ಇನ್ನೂ ಹುಟ್ಟದ ಮುದುಕಿಯ ಜೊತೆ ಏನು ಮಾತು? ಬಲಗಡೆಯ ದವಡೆ ಹಲ್ಲು ಮತ್ತೆ ಜುಮ್ಮೆನ್ನುತ್ತಿದೆ. ಬೇಗ ಬಂದು ತೋರಿಸಿ, ಆಮೇಲೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿ ವರ್ಷವಾಯಿತು. ಅದು ಬೀಳುವ ಹೊತ್ತಿಗೆ ಈ ಬಾಯಿ ನನ್ನದಾಗಿರುವುದಿಲ್ಲ, ಅವಳದಾಗಿರುತ್ತದೆ. ಅವಳೇ ನೋಡಿಕೊಳ್ಳಲಿ.

ಜುಲೈ 27, ರವಿವಾರ

ಮಂಗಸೂಳಿಯಿಂದ ತಮ್ಮ ಸಿದ್ದಲಿಂಗನ ಫೋನು. "ಅಕ್ಕಾ, ಈ ಸಲ ಪಂಚಮಿಗೆ ಬಸ್ಸಿಗಿಸ್ಸ ಹತ್ತಿ ಬರಬ್ಯಾಡ. ವಿಶ್ವಾಸನ್ನ ಕಳಸ್ತೀನಿ, ಗಾಡಿ ತರ್ತಾನ."

ಅಪ್ಪ ಹೋದಾಗಿನಿಂದ ಪ್ರತಿ ಪಂಚಮಿಗೂ ಅಂಕಲಿಯಲ್ಲಿ ಬಸ್ಸು ಬದಲಿಸಿ, ನಿಂತುಕೊಂಡೇ ತವರಿಗೆ ಹೋದವಳು ನಾನು. ತಮ್ಮನಿಗೆ ಇದ್ದಕ್ಕಿದ್ದಂತೆ ನನ್ನ ಮೊಣಕಾಲಿನ ಚಿಂತೆ ಹತ್ತಿದೆ, ಮಗನನ್ನೇ ಕಳಿಸುತ್ತಾನಂತೆ.

ಜುಲೈ 29, ಮಂಗಳವಾರ. ಮಂಗಸೂಳಿ

ಇಂದು ನನ್ನ ಉಡಿ ತುಂಬಿದರು.

ಇದನ್ನು ಬರೆದಿಡಬೇಕು. ನಮ್ಮಲ್ಲಿ ತವರಿಗೆ ಬಂದ ಮುತ್ತೈದೆಯ ಸೆರಗಿಗೆ ಅಕ್ಕಿ, ಕೊಬ್ಬರಿ, ಎಲೆ ಅಡಿಕೆ ಹಾಕಿ, ಮೇಲೊಂದು ಕುಪ್ಪಸದ ಬಟ್ಟೆ ಇಡುತ್ತಾರೆ. ಮದುವೆಯಿಲ್ಲದವಳಿಗೆ ಸೀರೆ ಮಾತ್ರ. ಐವತ್ತೊಂದನೆಯ ವಯಸ್ಸಿನವರೆಗೂ ಆ ಹೊತ್ತಿಗೆ ನಾನು ಅಡುಗೆಮನೆಯಲ್ಲಿ ಏನಾದರೂ ಹುಡುಕುತ್ತ ನಿಲ್ಲುವುದು ರೂಢಿ. ಇಂದು ತಮ್ಮನ ಹೆಂಡತಿ ಕಸ್ತೂರೆವ್ವ ಅಲ್ಲಿಂದ ಕೈಹಿಡಿದು ಕರೆತಂದು ಮಣೆಯ ಮೇಲೆ ಕೂಡಿಸಿದಳು.

"ನನಗ್ಯಾಕ ಬೇ?"

"ಮನಿ ಮಗಳಲ್ಲೇನ್ರಿ ಅಕ್ಕಾರ? ನಿಮ್ಮ ಉಡಿ ತುಂಬಿದ್ರ ನಮ್ಮ ಮನಿ ತುಂಬತೈತಿ."

"ಇಷ್ಟ ವರ್ಷ ಮನಿ ಖಾಲಿ ಇತ್ತೇನು?"

ಕಸ್ತೂರೆವ್ವ ನಕ್ಕಳು. ನಗುವಾಗಲೂ ಅವಳ ಕೈ ನಿಲ್ಲಲಿಲ್ಲ, ಅಕ್ಕಿ ಸುರಿಯುತ್ತಲೇ ಇದ್ದಳು. ಸೆರಗಿನ ಭಾರಕ್ಕೆ ಏಳಲು ಎರಡನೆಯವರ ಆಸರೆ ಬೇಕಾಯಿತು.

ಊಟದ ಮೇಲೆ ಒಣದ್ರಾಕ್ಷಿ ಶೆಡ್ಡಿನ ತೊಲೆಗೆ ಕಟ್ಟಿದ ಜೋಕಾಲಿಯಲ್ಲಿ ಕೂತಿದ್ದೆ. ಸಿದ್ದಲಿಂಗ ಬಂದು ಹಗ್ಗ ಹಿಡಿದು ನಿಂತ.

"ವಿಶ್ವಾಸಗ ರಾಯಬಾಗ ಕಡೀದ ಒಂದ ಹೆಣ್ಣು ಬಂದೈತಿ ಅಕ್ಕಾ. ಪ್ರಾಜಕ್ತಾ ಅಂತ. ಬಿ.ಎಸ್ಸಿ ಕಲತಾಳ. ಹುಡುಗ ತ್ವಾಟಾ ಮಾಡ್ತಾನಂದ್ರೂ ಒಲ್ಲೆ ಅಂದಿಲ್ಲ."

"ಛಲೋ ಆತಲ್ಲ."

"ಆತು. ಅವರಪ್ಪ ಹೊಲದ ಪಹಣಿ ಉತಾರ ಕೇಳ್ಯಾನ. ಈಗ ಹುಡುಗನ ಮಾರಿ ಯಾರ ನೋಡ್ತಾರ, ಹೊಲದ ಉತಾರ ನೋಡ್ತಾರ. ಅದರಾಗ ನಿನ್ನ ಹೆಸರ ಕಂಡು, ಇದ್ಯಾರು ಅಂದ. ನಮ್ಮ ಅಕ್ಕ ಅಂದ್ನಿ. ಅರ್ಧ ಅವರದ ಆದ್ರ ಹುಡುಗಗ ಏನ್ ಉಳೀತೈತಿ ಅಂದ. ನಮ್ಮ ಅಕ್ಕ ಅಂಥಾಕಿ ಅಲ್ಲ ಅಂದ್ನಿ."

"ಎಂಥಾಕಿ?"

"ಅಂಥಾಕಿ."

ಜೋಕಾಲಿ ನಿಂತಿತ್ತು. ಅಪ್ಪ ಸತ್ತಾಗ ವಾರಸದಲ್ಲಿ ಇಬ್ಬರ ಹೆಸರೂ ತಾವಾಗಿಯೇ ಬಂದವು. ನಾನು ಕೇಳಿರಲಿಲ್ಲ, ಬೇಡವೆಂದೂ ಅಂದಿರಲಿಲ್ಲ. ಆ ಹೊಲದಿಂದ ನನಗೆ ವರ್ಷಕ್ಕೊಂದು ಡಬ್ಬಿ ಒಣದ್ರಾಕ್ಷಿ ಬರುತ್ತದೆ. ವಿಶ್ವಾಸ ಶೆಡ್ಡಿನ ಆಚೆ ಔಷಧಿ ಹೊಡೆಯುವ ಪಂಪು ತೊಳೆಯುತ್ತಿದ್ದ. ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದ. ಪಿಯುಸಿಗೆಂದು ಎರಡು ವರ್ಷ ನನ್ನ ಮನೆಯಲ್ಲಿದ್ದ ಹುಡುಗ. ಈಗ ಅವನ ನೆತ್ತಿಯಲ್ಲಿ ಕೂದಲು ತೆಳುವಾಗಿದೆ.

"ಅಥಣಿಗೆ ಹೋಗಿ ಹಕ್ಕ ಬಿಟ್ಟೀನಂತ ಸಹಿ ಮಾಡಿದ್ರ ಆತಲ್ಲ," ಎಂದೆ.

ಎಷ್ಟು ಸಲೀಸಾಗಿ ಬಂತು ಆ ಮಾತು! ದಾರಿಯಲ್ಲಿ ಯಾರೋ ಕೇಳಿದ ಬೆಂಕಿಪೆಟ್ಟಿಗೆ ಕೊಟ್ಟ ಹಾಗೆ.

ಆಗಸ್ಟ್ 6, ಬುಧವಾರ. ಚಿಕ್ಕೋಡಿ

ಅತಿಥಿ ಉಪನ್ಯಾಸಕರ ಪಟ್ಟಿ ಇನ್ನೂ ಬಂದಿಲ್ಲ. ಇಪ್ಪತ್ತು ವರ್ಷದಿಂದ ಅತಿಥಿಯಾಗಿದ್ದೇನೆ. ಈ ಸಲ ಹೊಸ ನಿಯಮವಂತೆ, ನನ್ನಂಥವರ ಓದು ಸಾಲುವುದಿಲ್ಲವಂತೆ. ಪಟ್ಟಿ ಬರುವತನಕ ಪಾಠ ಮಾಡುತ್ತಿರಿ ಎಂದಿದ್ದಾರೆ.

ಚಹಾದ ಹೊತ್ತಿಗೆ ಮುರಗೆಪ್ಪ ಮಾಸ್ತರರ ಎದುರು ತವರಿನ ವಿಷಯ ಬಾಯಿಬಿಟ್ಟೆ. ಅವರು ಬಸಿ ಕೆಳಗಿಟ್ಟು, "ಕೊಟ್ಟಬಿಡ್ರಿ ಮೇಡಂ. ಭೂಮಿ ತಗೊಂಡ ಅಕ್ಕನ್ನ ಯಾವ ತಮ್ಮ ಮನಿಗೆ ಕರದಾನ? ನಮ್ಮ ಅಕ್ಕಗೋಳು ಮೂರೂ ಮಂದಿ ನಕ್ಕೋತ ಕೊಟ್ರು," ಎಂದರು.

"ಈಗ ಎಲ್ಲಿ ಅದಾರ್ರಿ ಅವರು?" ಎಂದಳು ಮಯೂರಿ.

"ಅವರವರ ಮನ್ಯಾಗ."

"ಅವರಿಗೆ ಮನಿ ಅದಾವು. ಮೇಡಮ್‌ಗ?" ಅವಳು ನನ್ನ ಕಡೆ ತಿರುಗಿದಳು. "ಸಹಿ ಮಾಡೂಕಿಂತ ಮೊದ್ಲ ಆ ಅಜ್ಜೀನ ಒಂದ ಮಾತ ಕೇಳ್ರಿ ಮೇಡಂ."

"ಯಾವ ಅಜ್ಜಿ?"

"ಎಪ್ಪತ್ತೈದರ ಅನುಸೂಯಾ ಅಜ್ಜಿ."

"ಅಕೀಕಡೆ ಫೋನಿಲ್ಲ," ಎಂದೆ.

ಹುಡುಗಿಯ ವಯಸ್ಸು ಇಪ್ಪತ್ತೇಳು. ಅವಳ ಮುದುಕಿ ಇನ್ನೂ ಬಹಳ ದೂರದಲ್ಲಿದ್ದಾಳೆ. ದೂರ ಇದ್ದವರ ಮೇಲೆ ಪ್ರೀತಿ ಸುಲಭ.

ಆಗಸ್ಟ್ 14, ಗುರುವಾರ

ಎಡಗೈ. ಅಕ್ಷರ ನನ್ನವಲ್ಲ. ನಿನ್ನೆ ಬಸ್ ನಿಲ್ದಾಣದ ಮೆಟ್ಟಿಲಲ್ಲಿ ಬಿದ್ದೆ. ಮಳೆ. ಬಲ ಮಣಿಕಟ್ಟು ಮುರಿದಿದೆ. ಡಾಕ್ಟರು, "ಈ ವಯಸ್ಸಿನಾಗ ಎಲುಬು ಹಿಂಗ," ಅಂದರು. ಯಾರ ವಯಸ್ಸು?

ಆಗಸ್ಟ್ 16, ಶನಿವಾರ. ಮಂಗಸೂಳಿ

ವಿಶ್ವಾಸ ಬಂದು ಕರೆತಂದ. ಪ್ಲಾಸ್ಟರು ಬಿಚ್ಚುವತನಕ ಇಲ್ಲೇ. ಬಾಗಿಲ ಪಕ್ಕದ ಕೋಣೆ. ಕುಪ್ಪಸದ ಗುಂಡಿ ಕಸ್ತೂರೆವ್ವ ಹಾಕುತ್ತಾಳೆ. ಅನ್ನ ಕಲಸಿಕೊಡುತ್ತಾಳೆ. ನಾನು ಮೇಲೆ ಮಾಳಿಗೆಯ ತೊಲೆ ನೋಡುತ್ತೇನೆ.

ಆಗಸ್ಟ್ 19, ಮಂಗಳವಾರ

ಕೈ ನೋಯುತ್ತದೆ, ಆದರೂ ಬರೆಯುತ್ತೇನೆ.

ಬಚ್ಚಲಲ್ಲಿ ಕಸ್ತೂರೆವ್ವ ಬೆನ್ನು ಉಜ್ಜುತ್ತಿದ್ದಳು. ಪ್ಲಾಸ್ಟರು ತೋಯದಂತೆ ಗೊಬ್ಬರದ ಚೀಲದ ಪ್ಲಾಸ್ಟಿಕ್ ಕಟ್ಟಿ, ಕೈಯನ್ನು ಮೇಲೆತ್ತಿ ಕೂಡಿಸಿದ್ದಳು. ಶಾಲೆಯಲ್ಲಿ ಉತ್ತರ ಗೊತ್ತಿರುವ ಹುಡುಗಿಯ ಹಾಗೆ.

"ನಾನೂ ಕೊಟ್ಟಿನ್ರಿ ಅಕ್ಕಾರ," ಎಂದಳು, ನಾನು ಏನೂ ಕೇಳದೆ. "ಬೇಡಕಿಹಾಳದಾಗ ನಮ್ಮಪ್ಪಂದು ಕಬ್ಬಿನ ಹೊಲ. ಅಣ್ಣಗೋಳು ಬಂದ್ರು, ಸಹಿ ಮಾಡು ಅಂದ್ರು, ಮಾಡಿದ್ನಿ. ಯಾಕಂತ ಕೇಳಲಿಲ್ಲ. ಇಳಕಲ್ ಸೀರಿ ತಂದಿದ್ರು."

"ಆಮ್ಯಾಲ?"

"ಆಮ್ಯಾಲೇನು. ಮೊದ್ಲ ಪಂಚಮಿಗೆ ಕರ್ಯಾಕ ಬರ್ತಿದ್ರು. ಈಗ ಫೋನ ಮಾಡ್ತಾರ." ತಂಬಿಗೆ ನೀರು ಹೆಗಲ ಮೇಲೆ ಬಿತ್ತು. "ಈ ವರ್ಷ ಅದೂ ಮರತಾರ. ಕೆಲಸ ಇರ್ತಾವ್ರಿ ಅವರಿಗೂ."

"ಹಂಗಾದ್ರ ನಾ ಏನ್ ಮಾಡ್ಲಿ ಅಂತಿ?"

ಬಹಳ ಹೊತ್ತು ಉಜ್ಜಿದಳು.

"ನನ್ನ ಕೇಳಬ್ಯಾಡ್ರಿ. ನಾ ವಿಶ್ವಾಸನ ಅವ್ವ."

ಇದಕ್ಕಿಂತ ಪ್ರಾಮಾಣಿಕವಾದ ಮಾತನ್ನು ಇತ್ತೀಚೆಗೆ ನಾನು ಕೇಳಿಲ್ಲ. ಆಮೇಲೆ ತಲೆ ಒರೆಸಿ, ಎಣ್ಣೆ ಹಚ್ಚಿ, ಬಿಗಿಯಾಗಿ ಹೆಣೆದಳು. ನಾನು ಸಹಿ ಮಾಡಿದ ಮಾರನೆಯ ದಿನವೂ ಈ ಕೈ ಹೀಗೇ ಇರುತ್ತದೆಯೇ ಎಂದು ಲೆಕ್ಕ ಹಾಕಿದೆ. ಇರಬಹುದು. ಅದರ ಮುಂದಿನ ವರ್ಷ? ಕಸ್ತೂರೆವ್ವನಿಗೂ ವಯಸ್ಸಾಗುತ್ತದೆ. ಆಗ ಈ ತಂಬಿಗೆ ರಾಯಬಾಗದ ಹುಡುಗಿಯ ಕೈಯಲ್ಲಿರುತ್ತದೆ. ಅವಳಿಗೆ ನಾನು ಯಾರು? ಉತಾರದಲ್ಲಿ ಅಡ್ಡ ಬಂದು, ಆಮೇಲೆ ಅಳಿಸಿಹೋದ ಒಂದು ಹೆಸರು.

ಬಚ್ಚಲಿನಿಂದ ಎದ್ದು ಬರುವಾಗ ಎಡಗೈ ತಾನಾಗಿಯೇ ಗೋಡೆ ಹಿಡಿದಿತ್ತು. ನೆಲ ಜಾರುತ್ತಿರಲಿಲ್ಲ.

ಆಗಸ್ಟ್ 24, ರವಿವಾರ

ವಿಶ್ವಾಸ ಮಿರಜದಿಂದ ಬಂದ. ಬಳ್ಳಿ ಸವರುವ ಅಕ್ಟೋಬರಿನ ಛಾಟಣಿಗೆ ಮೊದಲು ದ್ರಾಕ್ಷಿಯ ಕಡ್ಡಿಗಳನ್ನು ಕತ್ತರಿಸಿಕೊಂಡು ಹೋಗಿ ಪರೀಕ್ಷೆ ಮಾಡಿಸುತ್ತಾರೆ. ಕಡ್ಡಿಯ ಕಣ್ಣನ್ನು ಸೀಳಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಚಳಿಗಾಲದಲ್ಲಿ ಬರಬೇಕಾದ ಗೊಂಚಲು ಅಲ್ಲಿ ಆಗಲೇ ಕೂತಿರುತ್ತದಂತೆ. ಇಲ್ಲದಿದ್ದರೆ ಇಲ್ಲ. ನನ್ನ ಮಂಚದ ಮೇಲೆ ಕೂತು ಮೊಬೈಲಿನಲ್ಲಿ ಚಿತ್ರ ತೋರಿಸಿದ. ಹಸಿರು ಕತ್ತಲೆಯಲ್ಲಿ ಬಿಳಿಯ ಚುಕ್ಕೆಗಳ ಒಂದು ಗುಂಪು.

"ಇದ ಗೊಂಚಲ ನೋಡ್ ಅತ್ತಿ. ಇನ್ನೊಂದ ನೋಡು, ಇದರಾಗ ಏನಿಲ್ಲ. ಗೊಂಚಲ ಆಗೂ ಬದ್ಲಿ ಬರೇ ಬಳ್ಳಿಕುಡಿ ಆಗೇತಿ."

"ಈಗ ಗೊಬ್ಬರಾ ಗಿಬ್ಬರಾ ಹಾಕಿದ್ರ?"

"ಈಗೇನ್ ಹಾಕಿದ್ರೂ ಇಲ್ಲ. ಮೇ ತಿಂಗಳದಾಗ ನಿರ್ಧಾರ ಆಗಿಬಿಟ್ಟೈತಿ. ಆವಾಗ ಬಿಸಲ ಬೇಕಾಗಿತ್ತು, ಮಳಿ ಹಿಡೀತು. ಮ್ಯಾಲಿಂದ ನೋಡಿದ್ರ ಎಲ್ಲಾ ಕಡ್ಡೀನೂ ಒಂದ ಥರ ಕಾಣ್ತಾವ, ಅದ ಮಜಾ."

"ನೀ ಹಿಂಗ ಪಾಠ ಹೇಳಿದ್ರ ಆ ಹುಡುಗಿ ಓಡಿ ಹೋಗ್ತಾಳ."

"ಫೋನಿನ್ಯಾಗ ಅಕಿಗೂ ಇದ ಚಿತ್ರಾ ಕಳಸೀನಿ," ಎಂದ. ಕಿವಿ ಕೆಂಪಾದವು. "ಬಾಟನಿ ಅಲ್ಲ ಅಕೀದು? ಇದು ಯಾವ ಕಣ್ಣು, ಎಷ್ಟನೇದು ಅಂತ ಕೇಳಿದ್ಳು. ಇಲ್ಲೀತನಕಾ ಬಂದ ಹೆಣ್ಣಗೋಳು ಒಬ್ಬಾಕೀನೂ ತ್ವಾಟದ ಬಗ್ಗೆ ಕೇಳಿದ್ದಿಲ್ಲ ಅತ್ತಿ. ಬೆಳಗಾವ್ಯಾಗ ಫ್ಲಾಟ್ ಐತೇನ ಅಂತ ಕೇಳ್ತಿದ್ರು."

ಹಾಗಾದರೆ ಇದು ಬರೀ ಹಿರಿಯರು ಕೂಡಿಸುವ ಮಾತಲ್ಲ. ಅವನಿಗೆ ಅವಳು ಬೇಕಾಗಿದ್ದಾಳೆ. ಕೇಳದಿದ್ದರೆ ಚೆನ್ನಾಗಿತ್ತು.

ಆಗಸ್ಟ್ 28, ಗುರುವಾರ

ಕೇಳಿಬಿಟ್ಟೆ.

ನಿನ್ನೆ ಗಣಪತಿ ಕೂಡಿಸಿದ್ದರು. ಇಂದು ಮೋದಕ ತಿನ್ನುತ್ತ ಸಿದ್ದಲಿಂಗ, "ಮೂರನೇ ತಾರೀಖ ಅಥಣಿ. ಪಿತೃಪಕ್ಷ ಹತ್ತೂದ್ರೊಳಗ ಮುಗಸೂಣು. ಬಲಗೈ ಬ್ಯಾಡಂತ, ಎಡಗೈ ಹೆಬ್ಬಟ್ಟ ಸಾಕಂತ," ಎಂದ.

"ಆತು. ನಂದೂ ಒಂದ ಮಾತೈತಿ. ಬಾವಿ ಕಡೆ ಎರಡ ಕೋಣಿ ಅದಾವಲ್ಲ, ಅವು ನಾ ಇರೂತನಕ ನನ್ನ ಹೆಸರಿಗಿರ್ಲಿ. ಅದಷ್ಟ ಬರದಕೊಡು."

ಮೋದಕ ಅವನ ಕೈಯಲ್ಲೇ ಉಳಿಯಿತು.

"ಬರದ ಕೊಡೂದು? ತವರಮನ್ಯಾಗ ಇರಾಕ ಬರದ ಕೊಡಬೇಕೇನು ನಿನಗ?"

"ಇರ್ಲಿ ಅಂತ."

"ಯಾವ ಅಕ್ಕ ಕೇಳ್ಯಾಳ ಹಂಗ? ಊರಾಗ ಹೇಳಿ ನೋಡು. ನೀ ಬಂದು ಇರ್ತೀನಂದ್ರ ಇಡೀ ಮನೀನ ಐತಿ. ಎರಡ ಕೋಣಿ ಯಾಕ? ನಾ ಸತ್ನೇನು?"

"ನೀ ಇರ್ತಿ. ನಿನ್ನ ಹಿಂದಿನವರು?"

"ಹಿಂದಿನವರಂದ್ರ ಯಾರು? ವಿಶ್ವಾಸನ ಮ್ಯಾಲ ಭರೋಸ ಇಲ್ಲ ನಿನಗ?"

ವಿಶ್ವಾಸ ಬಾಗಿಲಲ್ಲಿ ನಿಂತಿದ್ದ. ಇದೆಯೋ ಇಲ್ಲವೋ ಎಂದು ಅವನೂ ನನ್ನ ಮುಖ ನೋಡಿದ.

ನಮ್ಮಲ್ಲಿ ಹೊಲವನ್ನು ಬರೆದುಕೊಡಬಹುದು. ಅದನ್ನು ಯಾರೂ ಅವಮಾನ ಎನ್ನುವುದಿಲ್ಲ. ಅನ್ನ ನೀರನ್ನು, ಒಂದು ಕೋಣೆಯನ್ನು ಬರೆದುಕೊಡು ಎಂದರೆ ಮಾತ್ರ ರಕ್ತಸಂಬಂಧಕ್ಕೆ ಬೆಲೆ ಕಟ್ಟಿದ ಹಾಗೆ. ಈ ಮಾತು ಗೊತ್ತಿದ್ದೂ ಕೇಳಿದೆ. ಯಾರಿಗಾಗಿ ಕೇಳಿದೆ ಎಂದು ಆಮೇಲೆ ಯೋಚಿಸಿದರೆ, ಆ ಗೋಡೆಯ ಎದುರು ಏಳುವವಳಿಗೆ.

ಆಗಸ್ಟ್ 29, ಶುಕ್ರವಾರ

ಬಚ್ಚಲಲ್ಲಿ ಬಿಸಿನೀರು ಇಟ್ಟಿದ್ದರು. ಕಸ್ತೂರೆವ್ವ ಬರಲಿಲ್ಲ. ಒಂದೇ ಕೈಯಲ್ಲಿ ಸ್ನಾನ ಮಾಡಲು ಬರುತ್ತದೆ. ಬೆನ್ನು ಮಾತ್ರ ಹಾಗೇ ಉಳಿಯುತ್ತದೆ.

ಸೆಪ್ಟೆಂಬರ್ 1, ಸೋಮವಾರ

ಕೋಣೆಗಳ ಮಾತು ಹಿಂತೆಗೆದುಕೊಂಡೆ. ಸಿದ್ದಲಿಂಗ ತಲೆಯಾಡಿಸಿದ. ಸಂಜೆ ಹೆರಳು ಹೆಣೆಯಲು ಕಸ್ತೂರೆವ್ವ ಬಂದಳು. ಸಹಿ ಮಾಡುವುದೇ ಸರಿ. ಹುಡುಗನ ಮುಖ ನೋಡಲಾಗುತ್ತಿಲ್ಲ.

ಸೆಪ್ಟೆಂಬರ್ 3, ಬುಧವಾರ

ಅಥಣಿ. ನೋಂದಣಿ ಕಚೇರಿ. ಕೊಟ್ಟುಬಿಡಬೇಕೆಂದೇ ಹೋಗಿದ್ದೆ. ಇದನ್ನು ನನಗೋಸ್ಕರ ಸ್ಪಷ್ಟವಾಗಿ ಬರೆದಿಡುತ್ತೇನೆ, ಮುಂದೆ ಬೇರೆ ಥರ ನೆನಪಾಗಬಹುದು.

ನಮಗಿಂತ ಮೊದಲು ಅಕ್ಕತಂಗಿಯರ ಒಂದು ಗುಂಪು ಇತ್ತು. ಅವರ ಅಣ್ಣ ಎಲ್ಲರಿಗೂ ಕಬ್ಬಿನಹಾಲು ತರಿಸಿದ್ದ. ಒಬ್ಬೊಬ್ಬರಾಗಿ ಹೋಗಿ ಹೌದ್ರಿ ಎಂದು, ಹೆಬ್ಬೆರಳಿನ ಮಸಿಯನ್ನು ಗೋಡೆಗೆ ಒರೆಸಿ ಬಂದರು. ಆ ಗೋಡೆ ಆಳೆತ್ತರದವರೆಗೆ ಕಪ್ಪಾಗಿತ್ತು. ಎಷ್ಟೋ ವರ್ಷದ ಬೆರಳುಗಳು.

ನನ್ನ ಸರದಿ ಬಂತು. ಅಧಿಕಾರಿ ಹೆಣ್ಣುಮಗಳು, ಚಿಕ್ಕ ವಯಸ್ಸು. ಕ್ಯಾಮೆರಾದ ಎದುರು ಕೂಡಿಸಿದಳು.

"ಬಲಗೈಗೆ ಏನಾಗೇತ್ರಿ? ಇರ್ಲಿ, ಎಡಗೈ ನಡೀತೈತಿ. ನಿಮ್ಮ ಖುಷೀಲೆ ಹಕ್ಕ ಬಿಡಾಕತ್ತೀರಿ, ಯಾರೂ ಜುಲುಮಿ ಮಾಡಿಲ್ಲ, ಹೌದಲ್ರಿ?"

"ಕೇಳಬೇಕ್ರಿ," ಎಂದೆ.

"ಯಾರನ್ನ?"

"ಒಬ್ಬ ಮುದುಕಿ ಅದಾಳ. ಅಕೀನ ಇನ್ನೂ ಕೇಳಿಲ್ಲ."

ಅವಳು ಕಾಗದದಿಂದ ತಲೆ ಎತ್ತಿ ಸಿದ್ದಲಿಂಗನನ್ನು ನೋಡಿದಳು. "ವಾರಸದಾಗ ಇನ್ನೊಬ್ಬಾಕಿ ಇದ್ದಾಳೇನ್ರಿ? ಇನ್ನೊಬ್ಬ ಹಕ್ಕುದಾರಳು ಇದ್ರ ಅಕೀನೂ ಕರಕೊಂಡ ಬರಬೇಕು. ಇಲ್ಲಂದ್ರ ನಾಳೆ ತಕರಾರ ಆಗತಾವ."

"ಯಾರೂ ಇಲ್ರಿ ಮೇಡಂ. ನಾವ ಇಬ್ಬರ."

"ಅದಾಳ," ಎಂದೆ.

"ಹಾಸಿಗಿ ಹಿಡದಾಳೇನ್ರಿ?"

"ಇನ್ನೂ ಇಲ್ಲ."

"ಎಲ್ಲಿರ್ತಾಳ?"

"ಅದ ಗೊತ್ತಿಲ್ರಿ. ಅದಕ್ಕ ಕೇಳಬೇಕಾಗೇತಿ."

ಹಿಂದಿನಿಂದ ಯಾರೋ, "ಲಗೂ ಮಾಡ್ರಿ ಬಾಯಾರ, ಊಟದ ಹೊತ್ತಾತು," ಅಂದರು. ಅಧಿಕಾರಿ ನಮ್ಮ ಕಾಗದಗಳನ್ನು ಜೋಡಿಸಿ ಬದಿಗೆ ಸರಿಸಿದಳು. "ಮನ್ಯಾಗ ಬಗೀಹರಸ್ಕೊಂಡ ಬರ್ರಿ."

ನಾನು ತಮಾಷೆ ಮಾಡುತ್ತಿರಲಿಲ್ಲ. ಉಪಾಯವನ್ನೂ ಮಾಡುತ್ತಿರಲಿಲ್ಲ. ಆ ಕ್ಷಣ ಆ ಮುದುಕಿ ಹೊರಗಿನ ಬೆಂಚಿನ ಮೇಲೆ ಚೀಲ ಹಿಡಿದು ಕೂತಿದ್ದಾಳೆ, ಒಳಗೆ ಏನು ನಡೆದಿದೆ ಎಂದು ಅವಳಿಗೆ ಯಾರೂ ಹೇಳಿಲ್ಲ ಎಂದು ಖಂಡಿತವಾಗಿ ಅನಿಸಿತು.

ಹೊರಗೆ ಬೇವಿನ ಗಿಡದ ಕೆಳಗೆ ಸಿದ್ದಲಿಂಗ ನಿಂತ.

"ಯಾರು ಅಕಿ?"

"ನಾನ."

"ನಂಗ ತಿಳೀಲಿಲ್ಲಂತ ತಿಳಕೊಂಡೀ? ಒಲ್ಲೆ ಅನ್ನಾಕ ಮನ್ಯಾಗ ಬಾಯಿ ಇರಲಿಲ್ಲೇನ ನಿನಗ? ನಾಕ ಮಂದ್ಯಾಗ ಹುಚ್ಚಿ ಹಂಗ ಮಾತಾಡಿ ನನ್ನ ಕಳ್ಳನ್ನ ಮಾಡಿದಿ. ಅಕ್ಕನ್ನ ಹಿಡಕೊಂಡ ಬಂದು ಹೆಬ್ಬಟ್ಟ ಒತ್ತಸಾಕತ್ತಾನ ಅಂದ್ರು ಎಲ್ಲಾರೂ."

ಅವನು ಹೇಳಿದ್ದು ಸರಿ. ಅವನು ಕಳ್ಳನಲ್ಲ. ಅವನ ಕಣ್ಣಲ್ಲಿ ನೀರಿತ್ತು, ಹೊಲಕ್ಕೆ ಬಂದದ್ದಲ್ಲ.

ವಿಶ್ವಾಸ ಗಾಡಿಯಲ್ಲಿ ಮುಂದೆ ನೋಡುತ್ತ ಕೂತಿದ್ದ. ನಾನು ಹತ್ತಿದಾಗ, ಪ್ಲಾಸ್ಟರಿನ ಕೈಗೆ ಆಸರೆಯಾಗಲೆಂದು ಬರುವಾಗ ಇಟ್ಟಿದ್ದ ದಿಂಬನ್ನು ಈಗಲೂ ಸರಿಪಡಿಸಿಟ್ಟ.

ಸೆಪ್ಟೆಂಬರ್ 4, ಗುರುವಾರ. ಚಿಕ್ಕೋಡಿ

ಬಸ್ಸಿಗೆ ಬಂದೆ. ಯಾರೂ ತಡೆಯಲಿಲ್ಲ, ಕಳಿಸಲೂ ಇಲ್ಲ. ಬಸ್ಸಿನಲ್ಲಿ ಒಬ್ಬ ಹುಡುಗಿ, "ಕೂಡ್ರಿ ಅಜ್ಜಿ," ಎಂದು ಎದ್ದಳು. ಕೂತೆ.

ಸೆಪ್ಟೆಂಬರ್ 25, ಗುರುವಾರ

ಪ್ಲಾಸ್ಟರು ಬಿಚ್ಚಿದರು. ಬಲಗೈ ಬೇರೆ ಯಾರದೋ ಥರ ಇದೆ. ತೆಳ್ಳಗೆ, ಬಿಳಿಚಿ, ಚರ್ಮ ಸುಲಿದು. ಅಕ್ಷರ ಮಾತ್ರ ನನ್ನವೇ ಬರುತ್ತಿವೆ.

ಮಧ್ಯಾಹ್ನ ಕಸ್ತೂರೆವ್ವನ ಫೋನು.

"ಹುಡುಗಿನ್ನ ಐನಾಪುರ ಕಡೆ ಕೊಟ್ರಂತ್ರಿ. ಗಟ್ಟಿ ಆತಂತ."

"ವಿಶ್ವಾಸ?" ಎಂದೆ.

"ಉಣ್ತಾನ. ಮಕ್ಕೊತಾನ. ತ್ವಾಟಕ್ಕ ಹೋಗ್ತಾನ." ಅವಳ ಉಸಿರು ಕೇಳುತ್ತಿತ್ತು. "ಅಕ್ಕಾರ, ಒಂದ ಮಾತ ಹೇಳ್ತೀನಿ. ಆವತ್ತ ಬೇಡಕಿಹಾಳದವರು ಬಂದಾಗ ನಾನೂ ಹಂಗ ಅನಬೇಕಾಗಿತ್ತು. ಅಂದಿದ್ರ ಛಲೋ ಇತ್ತು. ಖರೆ, ನಿಮ್ಮ ಮಾರಿ ಮಾತ್ರ ಇನ್ನ ನಾ ನೋಡೂದಿಲ್ರಿ."

ಫೋನು ಇಟ್ಟಳು. ನನಗೂ ಅದೇ ನ್ಯಾಯವೆನಿಸಿತು.

ಅಕ್ಟೋಬರ್ 8, ಬುಧವಾರ

ಪಟ್ಟಿ ಬಂತು. ನನ್ನ ಹೆಸರಿಲ್ಲ. ಮುರಗೆಪ್ಪ ಮಾಸ್ತರರು ಬೀಳ್ಕೊಡುಗೆ ಮಾಡೋಣವೆಂದರು. ಅತಿಥಿಗೆ ಎಂಥ ಬೀಳ್ಕೊಡುಗೆ ಎಂದು ಕೇಳಿದೆ, ಅವರೂ ಒತ್ತಾಯಿಸಲಿಲ್ಲ.

ಮಹಡಿಯ ಬಾಡಿಗೆ ಮನೆ ಬಿಟ್ಟು, ಅದೇ ಓಣಿಯಲ್ಲಿ ನೆಲದ ಮಟ್ಟದ ಒಂದು ಕೋಣೆ ಹಿಡಿದಿದ್ದೇನೆ. ಬೆಳಕು ಕಡಿಮೆ. ಆದರೆ ಮೆಟ್ಟಿಲು ಯಾರಿಗೆ ಬೇಕು? ದವಡೆ ಹಲ್ಲಿಗೆ ನಿನ್ನೆಯಿಂದ ಚಿಕಿತ್ಸೆ ನಡೆದಿದೆ. ಎಲುಬಿನ ಗುಳಿಗೆ ದಿನಕ್ಕೊಂದು ತಪ್ಪದೆ ನುಂಗುತ್ತೇನೆ. ಸಂಜೆ ಪರಟಿ ನಾಗಲಿಂಗನ ಗುಡಿಯತನಕ ನಡೆದು ಬರುತ್ತೇನೆ. ಹೊತ್ತು ಹೋಗಬೇಕಲ್ಲ.

ಮಯೂರಿ ಸಿಕ್ಕಿದ್ದಳು. "ಛಲೋ ಮಾಡಿದ್ರಿ ಮೇಡಂ. ನಿಮ್ಮನ್ನ ನೀವು ಪ್ರೀತಿ ಮಾಡಾಕ ಕಲತ್ರಿ," ಎಂದಳು.

ಪ್ರೀತಿ! ಇಬ್ಬರು ಮುಳುಗುವಾಗ ಒಂದೇ ಕೈ ಚಾಚಲು ಬರುತ್ತಿತ್ತು. ಚಾಚಿದ ಕೈಗೆ ಸಿಕ್ಕವಳು ಒಬ್ಬ ಮುದುಕಿ. ಅವಳ ಮೇಲೆ ನನಗೆ ಪ್ರೀತಿಯೇನೂ ಇಲ್ಲ. ಅವಳನ್ನು ಈಗ ಬಿಟ್ಟುಹೋಗಲು ಬರುವುದಿಲ್ಲ, ಅಷ್ಟೆ.

ಅಕ್ಟೋಬರ್ 23, ಗುರುವಾರ

ದೀಪಾವಳಿ ಮುಗಿಯಿತು. ಇಂದು ಭಾವಬೀಜ. ಮಂಗಸೂಳಿಗೆ ಹೋಗಿ ತಮ್ಮನಿಗೆ ಆರತಿ ಬೆಳಗುವ ದಿನ. ಮುಂಜಾನೆ ಫೋನು ಮಾಡಿದೆ. ಪೂರ್ತಿ ಬಾರಿಸಿ ನಿಂತಿತು. ಹೊಲ ಹೇಗಿತ್ತೋ ಹಾಗೇ ಇದೆ, ಇಬ್ಬರ ಹೆಸರಲ್ಲಿ. ಅದರ ಯಾವ ಬದುವಿನ ಮೇಲೂ ನಾನಿನ್ನು ಕಾಲಿಡುವ ಹಾಗಿಲ್ಲ. ಪಾಲು ಕೇಳಬೇಕಾದರೆ ಕೋರ್ಟಿಗೆ ಹೋಗಬೇಕು, ಅದಕ್ಕೂ ಒಂದು ದಿನ ಹೋಗುತ್ತೇನೆಂದು ಈಗ ನನಗೆ ಗೊತ್ತಿದೆ. ಮೊದಲ ಸಲ ಮಾತ್ರ ಕಷ್ಟ.

ಮುರಗೆಪ್ಪ ಮಾಸ್ತರರು ಕಾಗವಾಡದಲ್ಲಿ ವಿಶ್ವಾಸನನ್ನು ಕಂಡರಂತೆ. ಛಾಟಣಿ ಮುಗಿದಿದೆಯಂತೆ. ಗೊಂಚಲು ಕಡಿಮೆಯಂತೆ. ಇನ್ನು ಹೆಣ್ಣು ನೋಡುವುದು ಬೇಡ ಎಂದು ಅವ್ವನಿಗೆ ಹೇಳಿಬಿಟ್ಟಿದ್ದಾನಂತೆ. ಅತ್ತೆಯ ಕೈ ಹೇಗಿದೆ ಎಂದು ಕೇಳಿದನಂತೆ. ಮಾಸ್ತರರು ಇದನ್ನು ಒಳ್ಳೆಯ ಸುದ್ದಿ ಎಂಬಂತೆ ಹೇಳಿದರು.

ಪಿಯುಸಿಯ ಆ ಎರಡು ವರ್ಷ ಅವನು ಓದುತ್ತಲೇ ನಿದ್ದೆಹೋಗುತ್ತಿದ್ದ. ಪುಸ್ತಕವನ್ನು ಎದೆಯ ಮೇಲಿಂದ ನಾನೇ ತೆಗೆದಿಡುತ್ತಿದ್ದೆ. ರೊಟ್ಟಿಯ ಅಂಚನ್ನು ಬಿಟ್ಟು ಏಳುತ್ತಿದ್ದ. ಇಂಥವನ್ನು ಇವತ್ತು ನಾನೊಬ್ಬಳೇ ಬಲ್ಲೆ. ನಾಳೆ ಇವೆಲ್ಲ, ಮುದುಕಿ, ನಿನ್ನ ಕೈಗೆ ಬರುತ್ತವೆ, ಹಲ್ಲು, ಎಲುಬು, ಹೊಲ, ಎಲ್ಲದರ ಜೊತೆಗೆ. ಎಲ್ಲವನ್ನೂ ನಿನಗಾಗಿ ಕಾಯ್ದಿಟ್ಟಿದ್ದೇನೆ. ನೀನು ಎಲ್ಲಿ ಏಳುತ್ತೀಯೋ, ನಿನ್ನ ಬೆನ್ನಿಗೆ ಯಾರು ನೀರು ಹಾಕುತ್ತಾರೋ ನನಗೆ ಗೊತ್ತಿಲ್ಲ, ಅದನ್ನು ಕೇಳುವುದೂ ಇಲ್ಲ. ಇದೊಂದನ್ನು ಹೇಳು: ನಿನ್ನ ಸಲುವಾಗಿ ನಾನು ಬಿಟ್ಟುಕೊಟ್ಟ ಆ ಹುಡುಗನ ಹೆಸರಾದರೂ ನಿನಗೆ ನೆನಪಿದೆಯೇ?